ಅಂಗಳಕ್ಕೆ ಬಂದ ಗರುಡ



ಕಳೆದ ಶ್ರಾವಣ ಮಾಸದ ಒಂದು ಸೋಮವಾರ, ಹಾಸನ ತಾಲ್ಲೂಕಿನ ಸಾಲಗಾಮೆಯ ಸಮೀಪದ ಹಳ್ಳಿಯೊಂದರಲ್ಲಿ ಭಕ್ತರೊಬ್ಬರು ತಮ್ಮ ಮನೆಯಲ್ಲಿ ವಚನ ಚಿಂತನವನ್ನು ಏರ್ಪಡಿಸಿದ್ದರು. ಲಿಂಗಪೂಜೆ ಮುಗಿದು, ದಾಸೋಹದ ಎಲೆಗಳು ಎದ್ದು, ಹೆಣ್ಣುಮಕ್ಕಳು ಹಿತ್ತಿಲಿನಲ್ಲಿ ಪಾತ್ರೆಗಳನ್ನು ತೊಳೆಯುತ್ತಿದ್ದ ಹೊತ್ತು. ನಾನು ಜಗಲಿಯ ಮೇಲೆ ಕುಳಿತು ಸಂಜೆಯ ಚಿಂತನಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆನು. ಅಂದಿನ ವಿಷಯ ದಯೆ. ದಯೆಯನ್ನು ಕುರಿತ ಬಸವಣ್ಣನವರ ವಚನವು ನಮ್ಮ ಮನೆಗಳ ಮಕ್ಕಳಿಗೆಲ್ಲ ಬಾಯಿಪಾಠವಾಗಿರುವುದರಿಂದ, ಹೊಸದಾಗಿ ಹೇಳತಕ್ಕದ್ದು ಏನಿದೆ ಎಂದು ಯೋಚಿಸುತ್ತಿದ್ದೆನು. ಅಷ್ಟರಲ್ಲಿ ಆ ಮನೆಯ ಮೊಮ್ಮಗ, ಹೈಸ್ಕೂಲಿನಲ್ಲಿ ಓದುವ ಹುಡುಗ, ಕೆರೆಯ ಕಡೆಯಿಂದ ಏದುಸಿರು ಬಿಡುತ್ತ ಓಡಿ ಬಂದನು. ಅವನ ಹೆಗಲ ಟವೆಲ್ಲು ಕೈಯಲ್ಲಿ ಮುದ್ದೆಯಾಗಿತ್ತು. ಅದರೊಳಗೆ ಒಂದು ಗರುಡಪಕ್ಷಿ ಇದ್ದಿತು.

ಕೆಂಗಂದು ಬಣ್ಣದ ಮೈ, ಬಿಳಿಯ ತಲೆ, ಬಿಳಿಯ ಎದೆ. ನಮ್ಮ ಕೆರೆಗಳ ಮೇಲೆ ಸುತ್ತು ಹಾಕುವುದನ್ನು ವಾಚಕರೆಲ್ಲರೂ ಕಂಡಿರುವ ಹಕ್ಕಿಯೇ. ಯಾರೋ ಮೀನು ಹಿಡಿಯಲು ಬಂದವರು ದಡದಲ್ಲಿ ಬಿಟ್ಟುಹೋಗಿದ್ದ ನೈಲಾನ್ ದಾರವು ಅದರ ಎಡರೆಕ್ಕೆಗೆ ಬಿಗಿಯಾಗಿ ಸುತ್ತಿಕೊಂಡು, ಚರ್ಮವನ್ನು ಸೀಳಿ, ಗರಿಗಳ ನಡುವೆ ರಕ್ತ ಹೆಪ್ಪುಗಟ್ಟಿದ್ದಿತು. ಹುಡುಗನ ಮುಂಗೈಯಲ್ಲಿಯೂ ರಕ್ತವಿದ್ದಿತು. ಅದು ಹಕ್ಕಿಯದೆಂದು ನಾವು ತಿಳಿದೆವು. ಆದರೆ ಅದು ಅವನದೇ ಎಂಬುದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು.

ಐದು ನಿಮಿಷಗಳಲ್ಲಿ ಅಂಗಳ ತುಂಬಿತು. ಒಬ್ಬರು ಲೋಟದಲ್ಲಿ ಹಾಲು ತಂದರು. ಮತ್ತೊಬ್ಬರು ಹರಳೆಣ್ಣೆಯಲ್ಲಿ ಅರಿಶಿನ ಕಲಸಿಕೊಂಡು ಬಂದರು. ಒಬ್ಬ ತಾಯಿ ಭಕ್ತಿಯಿಂದ ವಿಭೂತಿಯ ಕರಡಿಗೆಯನ್ನೇ ತಂದು ಗಾಯಕ್ಕೆ ಧರಿಸಲು ಮುಂದಾದರು. ತರುಣರು ಮೊಬೈಲು ಹಿಡಿದು, ಹಕ್ಕಿಯ ಮುಖ ಕಾಣುವಂತೆ ಟವೆಲ್ಲನ್ನು ಸರಿಸಬೇಕೆಂದು ಹುಡುಗನನ್ನು ಒತ್ತಾಯಿಸತೊಡಗಿದರು. ಎಲ್ಲರಲ್ಲಿಯೂ ಇದ್ದದ್ದು ಕನಿಕರವೇ. ಅದರಲ್ಲಿ ನನಗೆ ಸಂದೇಹವಿಲ್ಲ.

ಆ ಮನೆಯ ಹಿರಿಯ ತಾಯಿ ಮಾತ್ರ ಹೊಸ್ತಿಲ ಮೇಲೆ ನಿಂತವರು ಕೆಳಗಿಳಿಯಲಿಲ್ಲ. ನನ್ನನ್ನು ನೋಡಿ ಕೇಳಿದರು: “ಅಯ್ನೋರೇ, ಇದು ಮೀನು ಮಾಂಸ ತಿನ್ನೋ ಹಕ್ಕಿ. ನಮ್ದು ಲಿಂಗಪೂಜೆ ಆಗೋ ಮನೆ. ಒಳಕ್ಕೆ ತಂದ್ಕಂಡ್ರೆ ಮೈಲಿಗೆ, ಹೊರಕ್ಕೆ ಹಾಕಿದ್ರೆ ಪಾಪ. ಏನ್ ಮಾಡದು, ನೀವೇ ಹೇಳಿ.”

ನಲವತ್ತು ವರ್ಷಗಳಿಂದ ಶಾಸ್ತ್ರ ಹೇಳುತ್ತ ಬಂದವನಿಗೆ ಇಂತಹ ಪ್ರಶ್ನೆ ಬಂದರೆ ಉತ್ತರ ನಾಲಗೆಯ ತುದಿಯಲ್ಲಿರಬೇಕು. ನನಗೆ ಉತ್ತರ ಹೊಳೆಯಲಿಲ್ಲ. ಆದರೆ ಹಾಲಿನ ಲೋಟ ಹಿಡಿದವರು ಹಕ್ಕಿಯ ಕೊಕ್ಕನ್ನು ಬಿಡಿಸಲು ಬಾಗಿದ್ದನ್ನು ಕಂಡು, ನಾನು ಜಗಲಿಯಿಂದ ಎದ್ದು ಅವರ ಕೈ ಹಿಡಿದೆನು. ಅದಕ್ಕೆ ಕಾರಣವೊಂದಿತ್ತು.

ಮಠದ ಗುರುಕುಲದಲ್ಲಿ ಓದುತ್ತಿದ್ದಾಗ ನನಗೆ ಹನ್ನೆರಡೋ ಹದಿಮೂರೋ ವರ್ಷ. ಒಂದು ಬೆಳಗ್ಗೆ ಪತ್ರೆ ಕೊಯ್ಯಲು ಹೋದಾಗ, ನಾನೂ ನನ್ನ ಜೊತೆಯ ವಟುವೂ ಬಾವಿಯ ಕಟ್ಟೆಯ ಬಳಿ ಒಂದು ಮಿಂಚುಳ್ಳಿಯನ್ನು ಕಂಡೆವು. ಗೋಡೆಗೆ ಬಡಿದುಕೊಂಡಿತ್ತೋ, ಬೆಕ್ಕಿನ ಬಾಯಿಂದ ತಪ್ಪಿಸಿಕೊಂಡಿತ್ತೋ ತಿಳಿಯದು. ಕಣ್ಣು ಅರೆಮುಚ್ಚಿ ಕುಳಿತಿತ್ತು. ಅದನ್ನು ನಾವು ಎರಡು ಕೈಗಳಲ್ಲಿ ಗಟ್ಟಿಯಾಗಿ ಹಿಡಿದು ಕೋಣೆಗೆ ತಂದೆವು, ಜಾರಿ ಹೋದೀತೆಂಬ ಭಯ. ದಾಸೋಹದ ಮನೆಯಿಂದ ಹಾಲನ್ನೂ ಮೆತ್ತಗಿನ ಅನ್ನವನ್ನೂ ಬೇಡಿ ತಂದು, ಕೊಕ್ಕನ್ನು ಕಡ್ಡಿಯಿಂದ ಬಿಡಿಸಿ, ಒಂದೊಂದೇ ಹನಿ ಹಾಕಿದೆವು. ಅದು ಕೆಮ್ಮುವಂತೆ ತಲೆ ಕೊಡಹಿತು. ನುಂಗುತ್ತಿದೆಯೆಂದು ನಾವು ಸಂತೋಷಪಟ್ಟು ಇನ್ನೂ ಹಾಕಿದೆವು. ಸಂಜೆಯ ಪ್ರಾರ್ಥನೆಗೆ ಮುಂಚೆಯೇ ಅದು ಸತ್ತಿತು.

ಗುರುಗಳು ಬಂದು ನೋಡಿದರು. ಬೈಯಲಿಲ್ಲ. “ಇದು ಏನು ತಿನ್ನುತ್ತದೆ ಎಂದು ನಿಮಗೆ ಗೊತ್ತಿತ್ತೇ?” ಎಂದು ಕೇಳಿದರು. ಮೀನು ಎಂದೆವು. “ಮತ್ತೆ ಹಾಲನ್ನು ಯಾರಿಗೆ ಕುಡಿಸಿದಿರಿ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಬಿಲ್ವದ ಗಿಡದ ಬುಡದಲ್ಲಿ ಅದನ್ನು ಮಣ್ಣು ಮಾಡಿಸಿ, ಆ ದಿನದ ಪಾಠಕ್ಕೆ ಕುಳ್ಳಿರಿಸಿದರು.

ಆ ಮಿಂಚುಳ್ಳಿ ಸತ್ತದ್ದು ತನ್ನ ಗಾಯದಿಂದಲ್ಲ, ನಮ್ಮ ಉಪಚಾರದಿಂದ ಎಂಬುದನ್ನು ನಾನು ಬಹುಕಾಲದ ನಂತರ ಪಶುವೈದ್ಯರೊಬ್ಬರಿಂದ ತಿಳಿದೆನು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲಿಯೇ ತೆರೆದುಕೊಂಡಿರುತ್ತದೆ. ಮೇಲಿನಿಂದ ಹನಿಸಿದ ಹಾಲಾಗಲಿ ನೀರಾಗಲಿ ಅನ್ನನಾಳಕ್ಕೆ ಹೋಗುವ ಬದಲು ನೇರವಾಗಿ ಉಸಿರಿನ ದಾರಿಗೆ ಇಳಿಯುವುದು ಸುಲಭ. ನಾವು ಕುಡಿಯಿತೆಂದು ಭಾವಿಸಿದ್ದು ವಾಸ್ತವವಾಗಿ ಮುಳುಗುತ್ತಿತ್ತು. ಇನ್ನು ಹಾಲಿನ ಮಾತು. ಹಕ್ಕಿಯು ಮೊಲೆಯುಣ್ಣುವ ಪ್ರಾಣಿಯಲ್ಲ. ಹಾಲಿನಲ್ಲಿರುವ ಸಕ್ಕರೆಯನ್ನು ಜೀರ್ಣಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ನಮಗೆ ಅಮೃತವಾದದ್ದು ಅದಕ್ಕೆ ಭೇದಿಯನ್ನುಂಟುಮಾಡಿ ಇದ್ದ ನೀರಿನಂಶವನ್ನೂ ಕಳೆಯುತ್ತದೆ. ಗಟ್ಟಿಯಾಗಿ ಹಿಡಿದದ್ದು ಮೂರನೆಯ ತಪ್ಪು. ನಮಗೆ ಎದೆಗೂ ಹೊಟ್ಟೆಗೂ ನಡುವೆ ವಪೆಯೆಂಬ ಸ್ನಾಯುಪೊರೆಯಿದ್ದು, ಅದು ಉಸಿರಾಟವನ್ನು ನಡೆಸುತ್ತದೆ. ಹಕ್ಕಿಗೆ ಅದಿಲ್ಲ. ಎದೆಯ ಮೂಳೆ ಹೊರಕ್ಕೂ ಒಳಕ್ಕೂ ಆಡಿದರೆ ಮಾತ್ರ ಅದಕ್ಕೆ ಗಾಳಿ. ಎದೆಯ ಸುತ್ತ ಮುಷ್ಟಿ ಬಿಗಿದರೆ, ಮೂಗು ಬಾಯಿ ತೆರೆದಿದ್ದರೂ ಅದು ಉಸಿರುಗಟ್ಟಿ ಸಾಯುತ್ತದೆ. ಎಷ್ಟು ಮಕ್ಕಳ ಪ್ರೀತಿಯ ಮುಷ್ಟಿಯಲ್ಲಿ ಎಷ್ಟು ಗುಬ್ಬಿಗಳು ಹೀಗೆ ಹೋಗಿವೆಯೋ!

ಆದ್ದರಿಂದ ಸಾಲಗಾಮೆಯ ಆ ಅಂಗಳದಲ್ಲಿ ಹಾಲಿನ ಲೋಟವನ್ನು ಹಿಂದಕ್ಕೆ ಕಳುಹಿಸಿದೆನು. ಹರಳೆಣ್ಣೆಯನ್ನೂ ಬೇಡವೆಂದೆನು. ಎಣ್ಣೆ ತಾಗಿದ ಗರಿಗಳು ಒಂದಕ್ಕೊಂದು ಅಂಟಿಕೊಂಡು, ಮಳೆ ಚಳಿಗಳನ್ನು ತಡೆಯುವ ಗುಣವನ್ನು ಕಳೆದುಕೊಳ್ಳುತ್ತವೆ. ಗಾಯ ಮಾಗಿದರೂ ಹಕ್ಕಿ ಹಾರಲಾರದು. ವಿಭೂತಿ ತಂದ ತಾಯಿಗೆ ಹೇಳುವುದು ನನಗೆ ಕಷ್ಟವಾಯಿತು. ಹಸಿಗಾಯಕ್ಕೆ ಯಾವ ಪುಡಿಯೂ ಸಲ್ಲದು, ಹಣೆಗೆ ನೀವು ಧರಿಸಿ ಅದಕ್ಕಾಗಿ ಪ್ರಾರ್ಥಿಸಿ ಎಂದೆನು. ಅವರು ಬೇಸರಪಡದೆ ಹಾಗೆಯೇ ಮಾಡಿದರು. ಅದು ಅವರ ದೊಡ್ಡತನ.

ಮನೆಯಲ್ಲಿದ್ದ ರಟ್ಟಿನ ಪೆಟ್ಟಿಗೆಯೊಂದಕ್ಕೆ ಗಾಳಿಗೆಂದು ನಾಲ್ಕು ತೂತು ಹೊಡೆಸಿ, ತಳಕ್ಕೆ ಹಳೆಯ ಹತ್ತಿಯ ಪಂಚೆಯನ್ನು ಹಾಸಿಸಿ, ಟವೆಲ್ಲಿನ ಸಮೇತ ಹಕ್ಕಿಯನ್ನು ಅದರೊಳಗೆ ಇಳಿಸಿ ಮುಚ್ಚಿದೆವು. ರೆಕ್ಕೆಯಿಂದ ಜೋಲುತ್ತಿದ್ದ ದಾರವನ್ನು ಕತ್ತರಿಯಿಂದ ತುಂಡರಿಸಿದೆವೇ ಹೊರತು, ಮಾಂಸದೊಳಕ್ಕೆ ಹೊಕ್ಕಿದ್ದನ್ನು ಎಳೆಯಲಿಲ್ಲ. ಎಳೆದರೆ ನಿಂತ ರಕ್ತ ಮತ್ತೆ ಹರಿಯುತ್ತದೆ, ನರ ಹರಿದರೂ ಹರಿಯಬಹುದು. ಅದು ವೈದ್ಯರ ಕೆಲಸ. ಕತ್ತಲೆ ಕವಿದೊಡನೆ ಹಕ್ಕಿಯ ಒದ್ದಾಟ ನಿಂತಿತು. ಕಾಡಿನ ಜೀವಿಗೆ ನಮ್ಮ ಮುಖ, ನಮ್ಮ ಮಾತು, ನಮ್ಮ ಸವರುವಿಕೆ ಎಲ್ಲವೂ ಬೇಟೆಗಾರನ ಲಕ್ಷಣಗಳೇ. ಅದು ಸುಮ್ಮನೆ ಕುಳಿತು ಸವರಿಸಿಕೊಳ್ಳುವುದು ವಿಶ್ವಾಸದಿಂದಲ್ಲ, ಭಯದ ಪರಾಕಾಷ್ಠೆಯಿಂದ. ಎಷ್ಟೋ ಹಕ್ಕಿಗಳು ಗಾಯಕ್ಕಿಂತ ಆ ಭಯದಿಂದಲೇ ಸಾಯುವುವು.

ಈಗ ಆ ಹಿರಿಯ ತಾಯಿಯ ಪ್ರಶ್ನೆಗೆ ಬರೋಣ.

ಶಿಬಿ ಚಕ್ರವರ್ತಿಯ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಗಿಡುಗವು ಅಟ್ಟಿಸಿಕೊಂಡು ಬಂದ ಪಾರಿವಾಳವು ಅರಸನ ತೊಡೆಯ ಮೇಲೆ ಬಿದ್ದು ಮರೆಹೊಕ್ಕಿತು. ಕಥೆ ಹೇಳುವವರು ಪಾರಿವಾಳದ ಪಕ್ಷ ವಹಿಸಿ ಹೇಳುವುದೇ ರೂಢಿ. ಆದರೆ ಮಹಾಭಾರತದ ಆ ಕಥೆಯಲ್ಲಿ ಗಿಡುಗಕ್ಕೂ ಒಂದು ನ್ಯಾಯವಿದೆ. ಇದು ನನ್ನ ಆಹಾರ, ಇದನ್ನು ಕಸಿದರೆ ನಾನೂ ನನ್ನನ್ನು ನಂಬಿದವರೂ ಸಾಯುತ್ತೇವೆ ಎಂಬುದು ಅದರ ವಾದ. ಅರಸನು ಆ ವಾದವನ್ನು ತಳ್ಳಿಹಾಕಲಿಲ್ಲ. ಮಾಂಸ ತಿನ್ನುವುದು ಪಾಪ, ಹಾಲನ್ನ ಉಣ್ಣು ಎಂದು ಗಿಡುಗಕ್ಕೆ ಉಪದೇಶ ಮಾಡಲಿಲ್ಲ. ತಕ್ಕಡಿ ತರಿಸಿ ತನ್ನ ಮೈಯ ಮಾಂಸವನ್ನೇ ಕೊಯ್ದಿಟ್ಟನು. ಗಿಡುಗದ ಹಸಿವು ಗಿಡುಗದ ಹಸಿವೇ ಎಂದು ಒಪ್ಪಿಕೊಂಡದ್ದರಲ್ಲಿ ಆ ಅರಸನ ದೊಡ್ಡತನದ ಅರ್ಧಭಾಗವಿದೆ ಎಂದು ನನಗೆ ಈಚೆಗೆ ತೋರುತ್ತದೆ.

ನಮ್ಮ ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದು ಒಂದು. ತಾನು ಸೇವಕನೆಂಬ ಭಾವದಿಂದ ನಡೆಯುವುದು. ಸೇವಕನಾದವನು ಒಡೆಯನಿಗೆ ಬೇಕಾದುದನ್ನು ಮಾಡುತ್ತಾನೆ. ತನಗೆ ಪ್ರಿಯವಾದುದನ್ನು ಒಡೆಯನ ಬಾಯಿಗೆ ತುರುಕುವುದಿಲ್ಲ. ನೀರಡಿಸಿ ಬಂದ ಅತಿಥಿಗೆ ಹೋಳಿಗೆ ಬಡಿಸಿ, ತಿನ್ನಲಿಲ್ಲವೆಂದು ನೊಂದುಕೊಳ್ಳುವ ಮನೆಗಳೂ ಉಂಟು. ದಾಸೋಹವು ಅದಲ್ಲವೆಂದು ನಾವು ಮನುಷ್ಯರ ವಿಷಯದಲ್ಲಿ ಬಲ್ಲೆವು. ಹಕ್ಕಿಯ ವಿಷಯದಲ್ಲಿ ಮರೆಯುತ್ತೇವೆ.

ಹಾಗೆಂದು ಲಿಂಗಧಾರಿಯ ಮನೆಯಲ್ಲಿ ಗರುಡನಿಗೆ ಮೀನು ಕೊಯ್ದು ಹಾಕಬೇಕೇ? ಈ ಇಕ್ಕಟ್ಟು ನಮ್ಮೊಬ್ಬರದೇ ಅಲ್ಲ. ದೆಹಲಿಯಲ್ಲಿ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಹಲವು ದಶಕಗಳಿಂದ ನಡೆದುಬಂದಿರುವ ಪಕ್ಷಿಗಳ ಧರ್ಮಾಸ್ಪತ್ರೆ ಜಗತ್ಪ್ರಸಿದ್ಧವಾದುದು. ಗಾಯಗೊಂಡ ಪಾರಿವಾಳ ಗಿಳಿಗಳನ್ನು ಅಲ್ಲಿ ಇರಿಸಿಕೊಂಡು ಆರೈಕೆ ಮಾಡುತ್ತಾರೆ. ಹದ್ದು ಗಿಡುಗಗಳು ಬಂದರೆ, ಅವಕ್ಕೆ ಮಾಂಸದ ಆಹಾರ ಬೇಕಾಗುವುದರಿಂದ, ಒಳರೋಗಿಗಳಾಗಿ ಇರಿಸಿಕೊಳ್ಳದೆ ಚಿಕಿತ್ಸೆ ಮಾಡಿ ಕಳುಹಿಸುವುದು ಅವರ ಪದ್ಧತಿ. ಅಹಿಂಸೆಯನ್ನು ಪ್ರಾಣಕ್ಕಿಂತ ಮಿಗಿಲಾಗಿ ಪಾಲಿಸುವವರು ಮಾಡಿಕೊಂಡ ಆ ಗೆರೆಯನ್ನು ನಾನು ಲಘುವಾಗಿ ಕಾಣಲಾರೆ. ಆದರೆ ಅದೇ ನಗರದಲ್ಲಿ ನದೀಮ್ ಶೆಹಜಾದ್ ಮತ್ತು ಮೊಹಮ್ಮದ್ ಸೌದ್ ಎಂಬ ಸಹೋದರರು, ತಾವು ತರುಣರಾಗಿದ್ದಾಗ ಎತ್ತಿಕೊಂಡ ಹದ್ದೊಂದಕ್ಕೆ ಅಲ್ಲಿ ಸ್ಥಳ ದೊರೆಯದ್ದನ್ನು ಕಂಡು, ಕಾಲಾಂತರದಲ್ಲಿ ತಮ್ಮ ಮನೆಯಲ್ಲಿಯೇ ಹದ್ದುಗಳ ಚಿಕಿತ್ಸಾಲಯವನ್ನು ತೆರೆದರು. ಗಾಳಿಪಟದ ಮಾಂಜಾ ದಾರದಿಂದ ರೆಕ್ಕೆ ಕೊಯ್ದುಕೊಂಡ ಸಾವಿರಾರು ಹದ್ದುಗಳು ಅವರ ಕೈಯಲ್ಲಿ ಹಾದುಹೋಗಿವೆ. 2022ರಲ್ಲಿ ಅವರ ಕುರಿತ ಸಾಕ್ಷ್ಯಚಿತ್ರವು ಹೊರದೇಶಗಳ ಚಿತ್ರೋತ್ಸವಗಳಲ್ಲಿ ಬಹುಮಾನ ಪಡೆಯಿತು. ಅಂಗಡಿಯಲ್ಲಿ ಮಾಂಸ ಕೊಂಡು ತಂದು ಹದ್ದಿನ ಪ್ರಾಣ ಉಳಿಸುವುದು ಅವರಿಗೆ ಪೂಜೆಯಷ್ಟೇ ಸಹಜವಾದ ಕರ್ತವ್ಯ.

(ಮಾಂಜಾದ ಮಾತು ಬಂದದ್ದರಿಂದ ಒಂದು ಮಾತು. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರಲ್ಲಿಯೇ ದೇಶಾದ್ಯಂತ ನಿಷೇಧಿಸಿದೆ. ಆಷಾಢದ ಗಾಳಿಯಲ್ಲಿ ನಮ್ಮ ಮಕ್ಕಳು ಹಾರಿಸುವ ಪಟಕ್ಕೆ ಹತ್ತಿಯ ನೂಲೇ ಸಾಕು. ಕಾಸು ಕೊಡುವವರು ಹಿರಿಯರಾದ್ದರಿಂದ ಇದನ್ನು ಹಿರಿಯರಿಗೇ ಹೇಳುತ್ತಿದ್ದೇನೆ.)

ನಾನು ಆ ತಾಯಿಗೆ ಹೇಳಿದ್ದು ಇಷ್ಟು: “ಅವ್ವಾ, ನೀವು ಇದಕ್ಕೆ ಏನನ್ನೂ ಉಣಿಸಬೇಕಾಗಿಲ್ಲ. ಪೆಟ್ಟಾದ ಹಕ್ಕಿಗೆ ಮೊದಲು ಬೇಕಾದದ್ದು ಕತ್ತಲೆ, ಬೆಚ್ಚನೆಯ ಜಾಗ, ಮೌನ. ಊಟವನ್ನು ಅದನ್ನು ಬಲ್ಲವರು ಕೊಡುತ್ತಾರೆ. ಅವರ ಕೈಗೆ ಮುಟ್ಟುವವರೆಗೆ ಇದು ಜಗಲಿಯ ಮೇಲೆ ಅತಿಥಿಯಾಗಿರಲಿ.” ಅವರು ಸ್ವಲ್ಪ ಹೊತ್ತು ಯೋಚಿಸಿ, “ಜಗಲಿ ಅಂದ್ರೆ ಆಗ್ಬೋದು” ಎಂದರು. ಬಳಿಕ ಯಾರೂ ಹೇಳದಿದ್ದರೂ ತಾವೇ ಹೋಗಿ ಪೆಟ್ಟಿಗೆಯನ್ನು ಎರಚಲು ಬೀಳದ ಮೂಲೆಗೆ ಸರಿಸಿದರು.

ಹುಡುಗನ ಕೈಯ ವಿಷಯ ಹೇಳಬೇಕು. ಗರುಡನ ಉಗುರು ಮುಂಗೈಯಲ್ಲಿ ಎರಡು ಕಡೆ ಆಳವಾಗಿ ನಾಟಿತ್ತು. ಹೊರಗಿನಿಂದ ಸೂಜಿ ಚುಚ್ಚಿದಷ್ಟೇ ಕಾಣುತ್ತಿತ್ತು. ಜನ ಕೊಕ್ಕಿಗೆ ಹೆದರುತ್ತಾರೆ. ಹದ್ದು, ಗರುಡ, ಗೂಬೆಗಳ ಆಯುಧ ಇರುವುದು ಕಾಲಿನಲ್ಲಿ. ಕೊಳೆತ ಮಾಂಸವನ್ನು ಹಿಡಿದ ಉಗುರು ಒಳಹೊಕ್ಕಿದ್ದರೆ, ಸೋಪಿನಿಂದ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಹೋಗಿ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳತಕ್ಕದ್ದು. ಅವನನ್ನು ಬೈಕಿನ ಮೇಲೆ ಕಳುಹಿಸಿದೆವು. ಬೆಳ್ಳಕ್ಕಿ, ಬಕ, ಕೊಕ್ಕರೆಗಳ ರೀತಿಯೇ ಬೇರೆ. ಅವು ಸಾಯುವ ಸ್ಥಿತಿಯಲ್ಲಿಯೂ ಉದ್ದನೆಯ ಕುತ್ತಿಗೆಯನ್ನು ಮಿಂಚಿನಂತೆ ಚಾಚಿ, ಹೊಳೆಯುವ ಕಣ್ಣಿಗೇ ಗುರಿಯಿಟ್ಟು ತಿವಿಯುತ್ತವೆ. ಅವುಗಳ ಮೇಲೆ ಮುಖ ಬಾಗಿಸುವುದು ದೃಷ್ಟಿಯನ್ನೇ ಪಣಕ್ಕಿಟ್ಟಂತೆ. ಬಟ್ಟೆಯನ್ನು ಮೇಲಿನಿಂದ ಹಾಕಿ, ತಲೆ ಮುಚ್ಚಿದ ಮೇಲೆಯೇ ಎತ್ತಬೇಕು.

ಇದಕ್ಕಿಂತ ಘೋರವಾದ ಅಪಾಯ ವಿದ್ಯುತ್ತಿನದು. ತಂತಿಗೆ ಸಿಕ್ಕಿ ಜೋಲಾಡುವ ಕಾಗೆಯನ್ನೋ ಪಾರಿವಾಳವನ್ನೋ ಕಂಡು, ಬಿದಿರ ಗಳುವೋ ತೋಟಿಯೋ ಹಿಡಿದು ಹತ್ತುವ ಧೈರ್ಯಶಾಲಿ ಹುಡುಗರು ಪ್ರತಿ ಊರಿನಲ್ಲಿಯೂ ಇದ್ದಾರೆ. ಮಳೆಗಾಲದ ಹಸಿ ಗಳುವಿಗೆ ವಿದ್ಯುತ್ತು ಹರಿಯುತ್ತದೆ. ತೆಂಗಿನ ಗರಿ ಕೀಳುವ ಅಲ್ಯೂಮಿನಿಯಂ ದೋಟಿಯ ಮಾತನ್ನು ಹೇಳುವುದೇ ಬೇಡ. ಹಾಸನ ಜಿಲ್ಲೆಗೆ ವಿದ್ಯುತ್ತು ಒದಗಿಸುವ ಚಾಮುಂಡೇಶ್ವರಿ ನಿಗಮಕ್ಕೆ 1912ರಲ್ಲಿ ಕರೆ ಮಾಡಿ, ಲೈನ್‌ಮನ್ ಬಂದು ಲೈನ್ ತೆಗೆಯುವ ತನಕ ಕಾಯುವುದನ್ನು ಬಿಟ್ಟು ಬೇರೆ ದಾರಿಯಿಲ್ಲ. ಅಷ್ಟರಲ್ಲಿ ಹಕ್ಕಿ ಸತ್ತರೆ ಸಾಯಲಿ. ಈ ಮಾತನ್ನು ನಾನು ಬರೆಯುವುದು ವಿಚಿತ್ರವಾಗಿ ಕಾಣಬಹುದು. ಆದರೆ ತಾಯಿಯೊಬ್ಬಳ ಮಡಿಲು ಬರಿದಾದ ಮೇಲೆ ದಯೆಯ ಪ್ರವಚನ ಹೇಳಲು ಆ ಮನೆಗೆ ಹೋಗಬೇಕಾದವನೂ ನಾನೇ.

ರೋಗದ ವಿಚಾರ. ಒಂದು ಹಕ್ಕಿಗೆ ಗಾಯವಾಗಿರುವುದು ಬೇರೆ, ಒಂದೇ ಸ್ಥಳದಲ್ಲಿ ಹಲವು ಹಕ್ಕಿಗಳು ಸತ್ತು ಬಿದ್ದಿರುವುದು ಬೇರೆ. ಹಕ್ಕಿಜ್ವರವು ನಮ್ಮ ರಾಜ್ಯಕ್ಕೆ ಹೊಸದಲ್ಲ. 2012ರಲ್ಲಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಕುಕ್ಕುಟ ಸಂಸ್ಥೆಯಲ್ಲಿ, 2020ರ ಮಾರ್ಚಿಯಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ ಅದು ಕಾಣಿಸಿಕೊಂಡಿದ್ದಿತು. ಕೆರೆಯ ದಡದಲ್ಲಿ ನಾಲ್ಕಾರು ಕೊಕ್ಕರೆಗಳೋ ಮರದ ಕೆಳಗೆ ಹತ್ತಾರು ಕಾಗೆಗಳೋ ಸತ್ತಿದ್ದರೆ, ಅವನ್ನು ಮುಟ್ಟದೆ, ನಾಯಿಗಳನ್ನು ಹತ್ತಿರ ಬಿಡದೆ, ಪಶುಸಂಗೋಪನಾ ಇಲಾಖೆಗೆ ತಿಳಿಸುವುದೇ ಸರಿ. ಗಿಳಿ ಪಾರಿವಾಳಗಳ ಒಣಗಿದ ಹಿಕ್ಕೆಯ ಧೂಳಿನಿಂದಲೂ ಶ್ವಾಸಕೋಶದ ಜ್ವರ ಹರಡುವುದುಂಟು. ಮನೆಯಲ್ಲಿ ಕೂಸುಗಳು, ಬಸುರಿಯರು, ವೃದ್ಧರು ಇದ್ದಲ್ಲಿ ಹಕ್ಕಿಯ ಪೆಟ್ಟಿಗೆಯನ್ನು ಒಳಕೋಣೆಗೆ ತರುವುದು ಬೇಡ. ಬಾವಲಿಯಂತೂ ಹಕ್ಕಿಯೇ ಅಲ್ಲ, ಮರಿಗೆ ಮೊಲೆಯೂಡುವ ಪ್ರಾಣಿ. 2018ರಲ್ಲಿ ಕೇರಳದ ಕೋಳಿಕ್ಕೋಡಿನ ಕಡೆ ಜೀವಗಳನ್ನು ಬಲಿತೆಗೆದುಕೊಂಡ ನಿಪಾ ವೈರಾಣುವಿನ ನೆಲೆ ಹಣ್ಣು ತಿನ್ನುವ ಬಾವಲಿಗಳೇ. ಬಿದ್ದ ಬಾವಲಿಯನ್ನು ಬರಿಗೈಯಿಂದ ಎಂದಿಗೂ ಎತ್ತಬಾರದು.

ಇಷ್ಟೆಲ್ಲ ಹೇಳಿದ ಮೇಲೆ ವಾಚಕರು, ಹಾಗಾದರೆ ಕಂಡೂ ಕಾಣದಂತೆ ಹೋಗುವುದೇ ಮೇಲಲ್ಲವೇ ಎಂದು ಕೇಳಬಹುದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡಿಬಂದವರು ಹಾಗೆ ಕೇಳಲಾರರು. ಆ ಊರಿನ ನಡುವೆಯೇ ಹುಣಸೆಯ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ವರ್ಷವರ್ಷವೂ ಬಂದು ಮರಿ ಮಾಡುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಕಾಣುತ್ತಾರೆ. ಹುಣಸೆ ಬೆಳೆಗೆ ಹಿಕ್ಕೆ ಬಿದ್ದು ನಷ್ಟವಾದರೂ ಕಲ್ಲೆಸೆಯುವುದಿಲ್ಲ. ಎತ್ತರದ ಗೂಡಿನಿಂದ ಹೆಜ್ಜಾರ್ಲೆಯ ಮರಿ ಕೆಳಗೆ ಬಿದ್ದರೆ ತಾಯಿ ನೆಲಕ್ಕಿಳಿದು ಅದಕ್ಕೆ ಉಣಿಸುವುದಿಲ್ಲ. ಬಿದ್ದ ಮರಿಯ ಗತಿ ಮುಗಿದಂತೆಯೇ. ಇದನ್ನು ಅರಿತು, 1990ರ ದಶಕದಲ್ಲಿ ಊರಿನ ತರುಣರು ಮೈಸೂರಿನ ಪಕ್ಷಿಪ್ರೇಮಿಗಳ ಜೊತೆಗೂಡಿ ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿಕೊಂಡರು. ಬಿದ್ದ ಮರಿಗಳನ್ನು ಬೇಲಿಯೊಳಗೆ ಇರಿಸಿ, ಮೀನು ತಂದು ಹಾಕಿ, ರೆಕ್ಕೆ ಬಲಿತ ಮೇಲೆ ಬಿಡುತ್ತ ಬಂದರು. ಆ ಪ್ರದೇಶವನ್ನು 2007ರಲ್ಲಿ ಸಮುದಾಯ ಮೀಸಲು ಎಂದು ಸರ್ಕಾರ ಘೋಷಿಸಿತು. ಅಲ್ಲಿಯೂ ದುಃಖಗಳಿಲ್ಲವೆಂದಲ್ಲ. 2017ರ ಕೊನೆಯಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸಾಯತೊಡಗಿದಾಗ ಊರೇ ಕಂಗಾಲಾಯಿತು. ಪರೀಕ್ಷೆಯಿಂದ ಹೊಟ್ಟೆಯ ಹುಳುಗಳ ಬಾಧೆಯೆಂದು ತಿಳಿಯಿತು. ಪ್ರೀತಿಯಿದ್ದ ಮಾತ್ರಕ್ಕೆ ಊರವರು ತಾವೇ ಮದ್ದು ಮಾಡಲು ಹೋಗದೆ ತಜ್ಞರನ್ನು ಕರೆಸಿದರು.

ಹೆಜ್ಜಾರ್ಲೆಯ ಮರಿಗೆ ಸಲ್ಲುವ ಈ ನ್ಯಾಯ ನಮ್ಮ ಹಿತ್ತಿಲಿನ ಪಿಕಳಾರ ಗೊರವಂಕಗಳ ಮರಿಗೆ ಸಲ್ಲದು. ಬೇಸಗೆಯಿಂದ ಮುಂಗಾರಿನ ತನಕ, ಮೈತುಂಬ ಗರಿ ಬಂದು ಬಾಲ ಮಾತ್ರ ಮೋಟಾಗಿರುವ ಮರಿಗಳು ನೆಲದ ಮೇಲೆ ಕುಪ್ಪಳಿಸುವುದನ್ನು ಕಾಣುತ್ತೇವೆ. ಅವು ಬಿದ್ದ ಮರಿಗಳಲ್ಲ, ಹಾರಲು ಕಲಿಯುತ್ತಿರುವ ಮರಿಗಳು. ತಾಯಿತಂದೆಗಳು ಹತ್ತಿರದ ಕೊಂಬೆಯಲ್ಲಿ ಹುಳು ಕಚ್ಚಿಕೊಂಡು, ನಾವು ತೊಲಗುವುದನ್ನೇ ಕಾಯುತ್ತಿರುತ್ತವೆ. ಅಂತಹ ಮರಿಯನ್ನು ಮನೆಗೆ ತರುವುದು ಅಪಹರಣ. ಬೆಕ್ಕು ನಾಯಿಗಳನ್ನು ಓಡಿಸಿ, ಬೇಕಾದರೆ ಗಿಡದ ಮೇಲೆ ಕೂರಿಸಿ, ದೂರ ಸರಿದರೆ ಸಾಕು. ಗರಿಯಿಲ್ಲದ ಬೆತ್ತಲೆ ಮರಿಯಾದರೆ, ಗೂಡು ಎಟಕುವಂತಿದ್ದಲ್ಲಿ ಅದರೊಳಗೇ ಇಡಬಹುದು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೆಂಬ ನಂಬಿಕೆ ಬಹುಮಟ್ಟಿಗೆ ಸುಳ್ಳು. ಕರುಳಿನ ಸಂಬಂಧ ಅಷ್ಟು ಸುಲಭವಾಗಿ ಕಡಿಯುವುದಿಲ್ಲ.

ನಂಬಿಕೆಯ ಮಾತು ಬಂದುದರಿಂದ ಗೂಬೆಯ ಪರವಾಗಿ ಎರಡು ಮಾತು ಹೇಳದಿದ್ದರೆ ಈ ಲೇಖನಿಗೆ ಸಮಾಧಾನವಿಲ್ಲ. ತೆಂಗಿನ ಮರ ಕಡಿದಾಗ, ಹಳೆಯ ಮನೆ ಬಿಚ್ಚಿದಾಗ, ಹೃದಯಾಕಾರದ ಬಿಳಿಮುಖದ ಕಣಜ ಗೂಬೆಗಳು ಹೊರಬೀಳುತ್ತವೆ. ಅಪಶಕುನವೆಂದು ಬಡಿಯುವವರು ನಮ್ಮ ಮನೆಗಳಲ್ಲಿಯೂ ಇದ್ದಾರೆ ಎನ್ನಲು ನನಗೆ ನಾಚಿಕೆಯಾಗುತ್ತದೆ. ಶಕುನಗಳನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ತೊರೆದರು. ಕಣಜದ ಇಲಿಗಳನ್ನು ರಾತ್ರಿಯೆಲ್ಲ ಹಿಡಿಯುವ ಆ ಹಕ್ಕಿಯಿಂದ ರಾಗಿ ಬೆಳೆಯುವ ಒಕ್ಕಲುಮನೆಗೆ ಆಗುವುದು ಲಾಭವೇ.

ಕಾಯಿದೆಯ ವಿಚಾರವನ್ನೂ ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ನಾಡಿನ ಕಾಡುಹಕ್ಕಿಯನ್ನು ಹಿಡಿದು ಸಾಕುವಂತಿಲ್ಲ. 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಶಿಕ್ಷೆ ಇನ್ನಷ್ಟು ಬಿಗಿಯಾಗಿದೆ. ಅಂತಹ ಜೀವಿ ಕೈಗೆ ಬಂದರೆ 48 ಗಂಟೆಗಳೊಳಗೆ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸತಕ್ಕದ್ದು. ಗಾಯಗೊಂಡ ಗಿಳಿಮರಿಯನ್ನು ಸಾಕಿ, ಗುಣವಾದ ಮೇಲೆ ಪಂಜರದಲ್ಲಿಟ್ಟುಕೊಂಡು ‘ಓಂ ನಮಃ ಶಿವಾಯ’ ಕಲಿಸಿದ ಮನೆಗಳನ್ನು ನಾನು ಬಲ್ಲೆ. ನಾನೇ ಹಿಂದೆ ಅಂತಹ ಗಿಳಿಯ ಮಾತು ಕೇಳಿ ಮೆಚ್ಚಿದ್ದುಂಟು. ಅಕ್ಕಮಹಾದೇವಿಯು ತನ್ನ ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಗಿಳಿಗಳನ್ನೂ ಕೋಗಿಲೆಗಳನ್ನೂ ನವಿಲುಗಳನ್ನೂ ವಿಚಾರಿಸಿದ್ದು ಬನದಲ್ಲಿ, ಅವು ತಮ್ಮ ಇಚ್ಛೆಯಂತೆ ಆಡುತ್ತಿದ್ದಾಗ. ನವಿಲಂತೂ 1963ರಿಂದ ರಾಷ್ಟ್ರಪಕ್ಷಿ. ವಾಹನಕ್ಕೆ ಸಿಕ್ಕಿ ಬಿದ್ದ ನವಿಲಿನ ಸುತ್ತ ಗರಿ ಆಯಲು ಸೇರುವ ಜನರನ್ನು ಕಂಡಾಗ ಮನಸ್ಸಿಗೆ ಹೇಸಿಗೆಯಾಗುತ್ತದೆ.

ಆ ಸೋಮವಾರ ನಾವು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿಸಿದೆವು. ತಕ್ಷಣವೇನೂ ಯಾರೂ ಬರಲಿಲ್ಲ. ಸಕಲೇಶಪುರ, ಆಲೂರು, ಬೇಲೂರುಗಳ ಕಡೆ ಆನೆಗಳ ಹಾವಳಿಯಿಂದ ನಮ್ಮ ಜಿಲ್ಲೆಯ ಅರಣ್ಯ ಸಿಬ್ಬಂದಿಗೆ ಎಷ್ಟು ಒತ್ತಡವಿದೆಯೆಂದು ವಾಚಕರು ಬಲ್ಲರು. ಒಂದು ಹಕ್ಕಿಗಾಗಿ ಅವರು ಬರುವುದೇ ದೊಡ್ಡದು. ಸಂಜೆಯ ಚಿಂತನವನ್ನು ಪೆಟ್ಟಿಗೆಗೆ ಕೇಳಿಸದಂತೆ ಹಿತ್ತಿಲ ಕಡೆಯ ಪಡಸಾಲೆಯಲ್ಲಿ, ಧ್ವನಿವರ್ಧಕವಿಲ್ಲದೆ ನಡೆಸಿದೆವು. ನಾನು ಬರೆದಿಟ್ಟುಕೊಂಡ ಟಿಪ್ಪಣಿಯನ್ನು ತೆರೆಯಲೇ ಇಲ್ಲ. ಮಿಂಚುಳ್ಳಿಯ ಕಥೆಯನ್ನು ಹೇಳಿದೆನು. ಐವತ್ತು ವರ್ಷಗಳಲ್ಲಿ ಅದನ್ನು ಸಭೆಯಲ್ಲಿ ಹೇಳಿದ್ದು ಅದೇ ಮೊದಲು.

ಕತ್ತಲಾಗುವ ಹೊತ್ತಿಗೆ ಇಬ್ಬರು ಸಿಬ್ಬಂದಿ ಬಂದು ಪೆಟ್ಟಿಗೆಯನ್ನು ತೆಗೆದುಕೊಂಡು ಹೋದರು. ಅಷ್ಟರಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದಿದ್ದ ಹುಡುಗನು ಜೀಪಿನ ಹಿಂದೆ ಕೆರೆಯ ಏರಿಯ ತನಕ ನಡೆದನು. ಮರುದಿನ ಬೆಳಗ್ಗೆ ಅವನೂ ಗೆಳೆಯರೂ ದಡದಲ್ಲಿ ಬಿದ್ದಿದ್ದ ನೈಲಾನ್ ದಾರಗಳನ್ನು ಆಯ್ದು ಒಂದು ಚೀಲ ತುಂಬಿಸಿದರೆಂದು ಕೇಳಿದೆನು.

ಎರಡು ವಾರಗಳ ಮೇಲೆ ಆ ಹಿರಿಯ ತಾಯಿ ನನಗೆ ದೂರವಾಣಿ ಮಾಡಿಸಿದರು. ರೆಕ್ಕೆಗೆ ಹೊಲಿಗೆ ಹಾಕಿದ್ದಾರಂತೆ, ಬದುಕಿದೆಯಂತೆ, ಮತ್ತೆ ಹಾರುವುದು ಗರಿ ಬಂದ ಮೇಲೆ ನೋಡಬೇಕಂತೆ ಎಂದು, ನನಗೆ ಅರಣ್ಯದವರಿಂದ ತಿಳಿದಿದ್ದನ್ನು ಹೇಳಿದೆನು.

“ಊಟ ಮಾಡ್ತಾ ಇದೆಯಂತಾ, ಅಯ್ನೋರೇ?” ಎಂದರು.

“ಚೆನ್ನಾಗಿ ಮಾಡುತ್ತಿದೆಯಂತೆ, ಅವ್ವಾ.”

“ಸದ್ಯ. ಏನು ತಿಂತು ಅಂತ ಮಾತ್ರ ನನಗೆ ಹೇಳಬ್ಯಾಡಿ” ಎಂದು ಫೋನನ್ನು ಮೊಮ್ಮಗನ ಕೈಗೆ ಕೊಟ್ಟರು.